ಅಂಗೈಯಗಲ ಬಾಕಿ

ಫೆಬ್ರವರಿ 6

ಗೋಡೆ ಕೆರೆಯುವುದು ಇನ್ನೂ ಮುಗಿದಿಲ್ಲ. ಹಳದಿ ಬಣ್ಣ ಹಟಮಾರಿ. ಅದರಡಿ ಬಿಳಿ, ಬಿಳಿಯಡಿ ಹಿಂದಿನ ಮಾಲೀಕರ ನೀಲಿ. ಸೀನಿದರೆ ಕರವಸ್ತ್ರದಲ್ಲಿ ಮೂರೂ ಬಣ್ಣ.

ತಂಗಿ ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

“ಅಣ್ಣಾ, ಮೂಗಿಗೆ ಬಟ್ಟೆ ಕಟ್ಕೋ.”

“ನೀನು ಆಚೆ ಹೋಗು, ಧೂಳು.”

ಹೋಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಗೋಡೆಯನ್ನೋ, ಉದುರುತ್ತಿದ್ದ ಹಳದಿಯನ್ನೋ.

ಮಗು ಮಾರ್ಚ್ ನಡುವಿಗೆ. ಅಷ್ಟರಲ್ಲಿ ಈ ಚಿಕ್ಕ ಕೋಣೆ ಮುಗಿಯಬೇಕು ಅಂತ ಭಾವಮೈದ, ತಂಗಿಯ ಗಂಡ, ಫೋನ್ ಮಾಡಿದ್ದ. ಅವನಿಗೆ ಪಂಪ್‌ಹೌಸಿನಲ್ಲಿ ಶಿಫ್ಟು, ರಜೆ ಸಿಗುವುದಿಲ್ಲ. ನನಗೆ ರಜೆ ಕೊಳೆಯುತ್ತಿತ್ತು. ನನ್ನ ಮನೆಯಲ್ಲಿ ಕಾಯುವುದು ಒಂದು ಫ್ರಿಜ್ಜು; ಅದನ್ನೂ ಆಫ್ ಮಾಡಿ ಬಂದೆ.

ಮೂರು ವರ್ಷದ ಹಿಂದೆಯೂ ಈ ಕೋಣೆ ಸಿದ್ಧವಾಗಿತ್ತು. ಸಿದ್ಧ ಅಂದರೆ ಪೂರ್ತಿ. ಹಳದಿ ಗೋಡೆ, ಇಸ್ತ್ರಿ ಮಾಡಿದ ಪರದೆ, ತೊಟ್ಟಿಲಲ್ಲಿ ಹಾಸಿಗೆ, ಬಾಗಿಲ ಹಿಂದೆ ಪುಟ್ಟ ಟವೆಲಿಗೊಂದು ಪುಟ್ಟ ಮೊಳೆ. ಆಸ್ಪತ್ರೆಗೆ ಹೋದ ಇಬ್ಬರೂ ಇಬ್ಬರಾಗಿಯೇ ವಾಪಸು ಬಂದರು. ತೊಟ್ಟಿಲು ಯಾರಿಗೋ ಕೊಟ್ಟರು. ಬಾಗಿಲು ಎಳೆದುಕೊಂಡರು. ಗೋಡೆಯಲ್ಲಿ ನೀರಿಳಿದು ಪ್ಲಂಬರ್ ಬಂದ ದಿನವೇ ಅದು ಮತ್ತೆ ತೆರೆದದ್ದು.

ಷರಾ: ಹಳದಿ ಪೂರ್ತಿ ಹೋಗಬೇಕು. ಮೂಲೆಯಲ್ಲೂ ಉಳಿಯಬಾರದು.

ಫೆಬ್ರವರಿ 9, ಬೆಳಗ್ಗೆ

ಕಿಟಕಿಯ ಹಿಡಿಕೆ ಮೊನ್ನೆ ಕೂರಿಸಿದ್ದೆ, ಹೊಸ ಸ್ಕ್ರೂ ಹಾಕಿ, ಬಿಗಿಯಾಗಿ. ಇವತ್ತು ಮುಟ್ಟಿದರೆ ಲೊಡಲೊಡ. ಒಂದು ಸ್ಕ್ರೂ ಇಲ್ಲ. ಸಡಿಲಾಗಿ ಬಿದ್ದಿದ್ದರೆ ನೆಲದಲ್ಲಿರಬೇಕಿತ್ತು. ಗುಡಿಸಿ ನೋಡಿದೆ. ಸಿಕ್ಕಲಿಲ್ಲ.

ಬಿಗಿದ ಸ್ಕ್ರೂಗೆ ಕಾಲು ಬರುವುದಿಲ್ಲ.

ಬಡಗಿಯ ಮೇಲೆ ಅನುಮಾನ. ಕಪಾಟಿನ ಕೆಲಸಕ್ಕೆ ಬರುತ್ತಾನೆ, ಹೊಸ ತೊಟ್ಟಿಲೂ ಅವನದೇ. ಮನೆಯಲ್ಲಿ ಅವನಿಗೆ ‘ನಾಳೆ’ ಅಂತ ಹೆಸರು. ಏನು ಕೇಳಿದರೂ ಅದೇ ಉತ್ತರ. ಯಾವ ಕೆಲಸವನ್ನೂ ತುದಿ ಮುಟ್ಟಿಸಿದವನಲ್ಲ. ಕಪಾಟಿನ ಬಾಗಿಲು ನಿಲ್ಲಿಸಿ ಚಿಲಕ ನಾಳೆ ಅಂತಾನೆ, ಚಿಲಕ ಹಾಕಿ ಪಾಲಿಶ್ ನಾಳೆ ಅಂತಾನೆ.

ಕೇಳಿಯೇಬಿಟ್ಟೆ.

“ಇಲ್ಲಿದ್ದ ಸ್ಕ್ರೂ ಏನಾಯ್ತು?”

ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡ. “ಸಾರ್, ನನ್ನ ಚೀಲದಲ್ಲಿ ಸ್ಕ್ರೂ ಹಿಡಿ ಹಿಡಿ ಇದೆ. ಬಾಯಲ್ಲೂ ನಾಲ್ಕು ಇಟ್ಕೊಂಡಿದೀನಿ, ನೋಡಿ.” ನಾಲಿಗೆ ಚಾಚಿ ತೋರಿಸಿದ. ನಿಜವಾಗಿಯೂ ನಾಲ್ಕಿದ್ದವು. “ನಿಮ್ಮ ಮನೆದು ಬಿಚ್ಚಿ ಒಯ್ಯೋ ಅಷ್ಟು ಟೈಮಿದ್ದಿದ್ರೆ ಈ ಕಪಾಟು ಯಾವತ್ತೋ ಮುಗೀತಿತ್ತು.”

ಅತ್ತೆ — ತಂಗಿಯ ಅತ್ತೆ, ನಾನೂ ಹಾಗೇ ಕರೆಯುತ್ತೇನೆ — ಅಡುಗೆಮನೆಯಿಂದಲೇ: “ಅದು ಮಾತ್ರ ಸತ್ಯ.”

ಹೊಸ ಸ್ಕ್ರೂ ಹಾಕಿದೆ.

ಷರಾ: ಬಡಗಿ ನಕ್ಕ ರೀತಿ ಸಹಜ. ಸಹಜವಾಗಿ ನಗುವವರನ್ನೂ ಬಹಳ ಕಂಡಿದ್ದೇನೆ.

ಫೆಬ್ರವರಿ 12

ಬಲ್ಬ್ ಇಲ್ಲ. ನಿನ್ನೆ ಸಂಜೆ ಉರಿಯುತ್ತಿತ್ತು. ಅದರ ಬೆಳಕಿನಲ್ಲೇ ಪುಟ್ಟಿ ಹಚ್ಚಿದ್ದು. ಇವತ್ತು ಖಾಲಿ ಹೋಲ್ಡರ್. ಸುಟ್ಟಿತ್ತೇ? ಸುಟ್ಟರೆ ಕಸದಬುಟ್ಟಿಯಲ್ಲಿರಬೇಕು. ಬುಟ್ಟಿ ಕೆದಕಿದೆ. ಕೆದಕುವಾಗ ಅತ್ತೆ ನೋಡಿದರು.

“ಏನಾದ್ರೂ ಕಳ್ಕೊಂಡ್ರಾ?”

“ಬಲ್ಬು.”

“ಓ,” ಅಂದರು. ಆ ‘ಓ’ ಸ್ವಲ್ಪ ಬೇಗ ಬಂತು.

ವಿಮೆ ಕಂಪನಿ ನನಗೆ ಸಂಬಳ ಕೊಡುವುದೇ ನಂಬದೆ ಇರುವುದಕ್ಕೆ. ಸುಟ್ಟ ಗೋದಾಮಿನ ಬೂದಿ ನೋಡಿ ಇದು ತಾನಾಗಿ ಹತ್ತಿದ್ದೋ ಹಚ್ಚಿದ್ದೋ ಹೇಳಬೇಕು. ಇಪ್ಪತ್ತೈದು ವರ್ಷದಿಂದ ಅದೇ. ಯಾವ ವರದಿಯನ್ನೂ ಷರಾ ಬರೆಯದೆ ಮುಚ್ಚಿದವನಲ್ಲ. ಆ ಚಾಳಿ ಡೈರಿಗೂ ಹತ್ತಿದೆ. ಹೆಂಡತಿಯಾಗಿದ್ದವಳು ಹೋಗುವ ದಿನ ಹೇಳಿದ್ದೂ ಅದೇ ಅರ್ಥದ್ದು — ನಿಮ್ಮ ಜೊತೆ ಇದ್ದರೆ ತನಿಖೆಯಲ್ಲಿರೋ ಹಾಗೆ ಇರುತ್ತೆ.

ಆದರೂ. ಬಲ್ಬು ತಾನಾಗಿ ತಿರುಗಿ ಕೆಳಗಿಳಿಯುವುದಿಲ್ಲ.

ಹೊಸದು ಹಾಕಿದೆ.

ಫೆಬ್ರವರಿ 15, ಮಧ್ಯಾಹ್ನ

ಎರಡನೇ ಕೋಟ್ ಆಯಿತು. ತಿಳಿಹಸಿರು. ತಂಗಿಯೇ ಆರಿಸಿದ್ದು. ಅಂಗಡಿಯವನ ಬಣ್ಣದ ಪಟ್ಟಿಯನ್ನು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದ್ದಳು. ಕನ್ನಡಕದ ಅಂಗಡಿ ನಡೆಸುವವಳ ಅಭ್ಯಾಸ.

ಕೈತೊಳೆದು ಬಂದು ನಿಂತು ನೋಡಿದೆ. ಕೋಣೆಗೆ ಕೋಣೆಯೇ ತಣ್ಣಗಾದ ಹಾಗೆ. ಒಂದು ಗಳಿಗೆ ಏನನ್ನೂ ಅನುಮಾನಿಸಲಿಲ್ಲ. ಅಪರೂಪ.

ಫೆಬ್ರವರಿ 16

ಬಾಗಿಲ ಹಿಂದೆ, ಮೊಣಕಾಲೆತ್ತರದಲ್ಲಿ, ಅಂಗೈಯಗಲ ಜಾಗ ಕೆರೆದಿದ್ದಾರೆ. ಹಸಿರು ಹೋಗಿ ಪುಟ್ಟಿ ಕಾಣುತ್ತಿದೆ. ಕುರ್ಚಿ ತಾಗಿದ್ದಲ್ಲ, ತೇವ ಎದ್ದಿದ್ದಲ್ಲ. ಅಂಚು ನೀಟಾಗಿದೆ. ಕೂತುಕೊಂಡು, ಸಮಾಧಾನದಿಂದ, ಚೂಪಾದ ಸಣ್ಣ ಉಪಕರಣದಿಂದ ಮಾಡಿದ ಕೆಲಸ. ಆಕಸ್ಮಿಕಕ್ಕೆ ಇಷ್ಟು ತಾಳ್ಮೆ ಇರುವುದಿಲ್ಲ.

ಯಾರಿಗೂ ಹೇಳಲಿಲ್ಲ. ಹಚ್ಚಿದೆ.

ಸಂಜೆ ತಂಗಿ ಕಾಫಿ ತಂದಳು. ಮುಖಕ್ಕೆ ಮುಖವಿಟ್ಟು ನನ್ನ ಕಣ್ಣು ನೋಡಿದಳು.

“ಅಣ್ಣಾ, ನಿನ್ನ ಪವರ್ ಜಾಸ್ತಿ ಆಗಿದೆ. ಇಲ್ಲದ್ದೆಲ್ಲ ಕಾಣ್ತಿರಬೇಕು ನಿಂಗೆ.”

“ಇದ್ದದ್ದು ಕಾಣಿಸ್ತಿಲ್ಲ ಅನ್ನೋದೇ ತೊಂದರೆ.”

“ಏನು ಕಾಣಿಸ್ತಿಲ್ಲ?”

“ಸ್ಕ್ರೂ. ಬಲ್ಬು.”

ನಗಬಹುದು ಅಂದುಕೊಂಡಿದ್ದೆ. ಲೋಟ ತೆಗೆದುಕೊಂಡು ಒಳಗೆ ಹೋದಳು. ಕಾಫಿ ಇನ್ನೂ ಅರ್ಧ ಇತ್ತು.

ಫೆಬ್ರವರಿ 17

ಮತ್ತೆ ಕೆರೆದಿದ್ದಾರೆ. ಅದೇ ಜಾಗ.

ಫೆಬ್ರವರಿ 19

ಈ ಮನೆಯಲ್ಲಿ ನಾನು ಬಂದರೆ ಮಾತು ನಿಲ್ಲುತ್ತದೆ. ಮೊದಲು ಗಮನಿಸಿರಲಿಲ್ಲ, ಅಥವಾ ಗಮನಿಸಿ ಗೌರವ ಅಂದುಕೊಂಡಿದ್ದೆ.

ಅತ್ತೆಗೆ ಈ ಕೋಣೆ ಆಗುವುದು ಇಷ್ಟವಿಲ್ಲ ಎಂಬುದಕ್ಕೆ ಪುರಾವೆ ಗುಡ್ಡೆಯಾಗುತ್ತಿದೆ. ಪರದೆ ಹೊಲಿಯಲು ಕೊಟ್ಟ ಬಟ್ಟೆ ಇನ್ನೂ ಹೊಲಿಗೆ ಯಂತ್ರದ ಮೇಲೆಯೇ ಇದೆ. “ಅವಸರ ಏನಿದೆ?” ಅಂತಾರೆ. ಹೆರಿಗೆಗೆ ತಿಂಗಳಿಲ್ಲ, ಅವಸರ ಏನಿದೆ! ಅವರ ಮಂಚ ಹಜಾರದಲ್ಲಿದೆ, ಟಿವಿಯ ಪಕ್ಕ. ಆ ಕೋಣೆ ಅವರಿಗೇ ಬೇಕಾಗಿತ್ತೇ? ಕೇಳುವಂಥದ್ದಲ್ಲ.

ಭಾವಮೈದನೂ ಶುದ್ಧವಿಲ್ಲ. ಶಿಫ್ಟಿಗೆ ಹೊರಡುವಾಗ ಬುತ್ತಿಯ ಡಬ್ಬ ಗಲಗಲ ಅಂತು. ಊಟಕ್ಕೆ ಆ ಸದ್ದು ಬರುವುದಿಲ್ಲ, ಎಷ್ಟು ಒಣಗಿದ್ದರೂ.

“ಏನದು?”

“ಚಮಚ ಭಾವ.” ಡಬ್ಬವನ್ನು ಎದೆಗೊತ್ತಿ ಹಿಡಿದುಕೊಂಡ.

ಕಿಟಕಿಯ ಸ್ಕ್ರೂ ಇವತ್ತು ಮತ್ತೆ ಇರಲಿಲ್ಲ. ಬಲ್ಬು ಕೂಡ. ಎಲ್ಲ ಮತ್ತೆ ಹಾಕಿದೆ. ಒಂದು ಡಜನ್ ಬಲ್ಬು ತಂದಿಟ್ಟಿದ್ದೇನೆ. ನೋಡೋಣ ಯಾರಿಗೆ ಮೊದಲು ಸುಸ್ತಾಗುತ್ತದೆ.

ಅದೇ ದಿನ, ಸಂಜೆ

ಬಚ್ಚಲಲ್ಲಿ ಬ್ರಷ್ ತೊಳೆಯುತ್ತಿದ್ದೆ. ಗಾಳಿಕಿಂಡಿಯ ಆಚೆ ಬಟ್ಟೆ ಒಣಹಾಕುವ ಜಾಗ. ಅತ್ತೆಯ ದನಿ:

“ಅಲ್ವೋ, ಅವರೇ ಮಾಡ್ತಿರ್ಬೇಕು. ಬೆಳಗ್ಗೆ ಬಿಚ್ಚೋದು, ಸಂಜೆ ಹಾಕೋದು. ಕೆಲಸ ಮುಗಿದ್ರೆ ವಾಪಸ್ ಹೋಗ್ಬೇಕಲ್ಲ. ಅಲ್ಲಿ ಯಾರಿದ್ದಾರೆ ಅವರಿಗೆ?”

ಮಗ: “ಸುಮ್ನಿರಮ್ಮ.”

“ಸುಮ್ನೇ ಇದೀನಿ. ಆ ಗೋಡೆ ನೋಡಿದ್ಯಾ? ಇಲಿ ಕೆರೆದಿದ್ದಾ ಅದು?”

ನಲ್ಲಿ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಕೇಳಿಸಿಕೊಂಡದ್ದು ಗೊತ್ತಾಗುತ್ತಿತ್ತು. ನೀರು ಹರಿಯುತ್ತಲೇ ಇತ್ತು, ಮೊದಲು ಹಸಿರು, ಆಮೇಲೆ ಬರೀ ನೀರು.

ಜನ ನನ್ನನ್ನು ಅನುಮಾನಿಸುವುದು ಹೊಸದು. ವಿಚಿತ್ರವೆಂದರೆ, ವಾದ ಗಟ್ಟಿಯಾಗಿದೆ. ಉದ್ದೇಶವಿದೆ, ಅವಕಾಶವಿದೆ, ಉಪಕರಣಗಳೆಲ್ಲ ನನ್ನ ಕೈಯಲ್ಲೇ. ವರದಿ ನಾನು ಬರೆಯುವುದಾಗಿದ್ದರೆ ನನ್ನ ಹೆಸರೇ ಬರೆಯುತ್ತಿದ್ದೆ.

ಷರಾ: ಇವತ್ತು ಷರಾ ಬರೆದವರು ಅವರು.

ಫೆಬ್ರವರಿ 21

ತೊಟ್ಟಿಲು ಬಂತು. ತೂಗುವಂಥದ್ದಲ್ಲ, ನಾಲ್ಕು ಕಾಲಿನ ಮೇಲೆ ನಿಲ್ಲುವಂಥದ್ದು, ಸುತ್ತ ಕಟಕಟೆ. ಕೋಣೆಯಲ್ಲಿ ಬಣ್ಣದ ವಾಸನೆ ಹೋಗುವವರೆಗೆ ಹಜಾರದಲ್ಲಿ, ಅತ್ತೆಯ ಮಂಚದ ಪಕ್ಕ ನಿಲ್ಲಿಸಿದರು.

‘ನಾಳೆ’ ಒಂದು ಮೂಲೆಯನ್ನು ತಟ್ಟಿ ಹೇಳಿದ: “ಇದೊಂದಕ್ಕೆ ಬೋಲ್ಟ್ ಬಾಕಿ. ನಾಳೆ ತಂದು ಹಾಕ್ತೀನಿ. ಮೂರು ಕಡೆ ಗಟ್ಟಿಯಿದೆ, ಆನೆ ಮಲಗ್ಬಹುದು.”

“ಆನೆಗೆ ಮಾಡ್ಸಿಲ್ಲಪ್ಪ,” ಅಂದರು ಅತ್ತೆ.

ಎಲ್ಲರೂ ನಕ್ಕರು. ಅದರಲ್ಲಿ ನಾನೂ ಇದ್ದೆ.

ಊಟವಾದ ಮೇಲೆ ಕೋಣೆಯನ್ನು ಕೊನೆಯದಾಗಿ ನೋಡಿದೆ. ಹಿಡಿಕೆ ಬಿಗಿ. ಬಲ್ಬು ಉರಿಯುತ್ತದೆ. ಗೋಡೆ ಪೂರ್ತಿ. ಬಾಗಿಲು ಎಳೆದು ಸೀಲ್ ಮಾಡಿದೆ. ಗೋದಾಮುಗಳಿಗೆ ಮಾಡುವ ಹಾಗೆ — ಬಾಗಿಲಿಗೂ ಚೌಕಟ್ಟಿಗೂ ಸೇರಿಸಿ ಕಾಗದದ ಪಟ್ಟಿ, ಅಡ್ಡ ನನ್ನ ಸಹಿ. ಹರಿಯದೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಮೇಲುಗಡೆ, ಕಣ್ಣಿಗೆ ಬೀಳದ ಕಡೆ ಅಂಟಿಸಿದೆ.

ಕೈ ಅದನ್ನು ಮಾಡಿ ಮುಗಿಸಿದ ಮೇಲೆ, ಇದು ಗೋದಾಮಲ್ಲ ಅಂತ ತಲೆ ಹೇಳಿತು. ಪಟ್ಟಿ ತೆಗೆಯಲಿಲ್ಲ.

ಫೆಬ್ರವರಿ 22

ಕಣ್ಣಿಗೆ ಬೀಳದ ಕಡೆ ಅಂತೆ. ಕಣ್ಣು ಪರೀಕ್ಷೆ ಮಾಡುವವಳ ಮನೆಯಲ್ಲಿ.

ಬೆಳಗ್ಗೆಯೇ ತಂಗಿ ಆ ಬಾಗಿಲ ಮುಂದೆ ನಿಂತಿದ್ದಳು. ಸಹಿಯನ್ನು ಓದುತ್ತಿದ್ದಳು, ನನ್ನ ಕೈಬರಹವನ್ನು ಮೊದಲ ಸಲ ನೋಡುವವಳ ಹಾಗೆ.

“ಏನಣ್ಣಾ ಇದು?”

“ಯಾರೋ ಹಾಳು ಮಾಡ್ತಿದಾರೆ. ಯಾರು ಅಂತ ಗೊತ್ತಾಗ್ಬೇಕು.”

“ಯಾರೋ ಅಂದ್ರೆ? ಮನೇಲಿರೋದು ನಾವು ಮೂರು ಜನ.”

ಪಟ್ಟಿಯ ಅಂಚು ಎದ್ದಿದೆಯೇ ಅಂತ ನೋಡಿದೆ. ಅದೇ ಉತ್ತರವಾಯಿತು.

“ನಮ್ಮನೆ ನಿಂಗೆ ಸುಟ್ಟುಹೋದ ಗೋಡೌನ್ ಥರ ಕಾಣುತ್ತಾ? ಇನ್ನೂ ಏನೂ ಆಗಿಲ್ಲ ಅಣ್ಣಾ. ಏನೂ ಆಗಿಲ್ಲ. ಆಗೋಕೆ ಮುಂಚೆನೇ ಬಂದು ಸೀಲ್ ಹಾಕ್ತೀಯಲ್ಲ!”

ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋದಳು. ಅತ್ತೆ ಹಿಂದೆಯೇ ಹೋದರು, ಹೋಗುತ್ತ ನನ್ನತ್ತ ಒಂದು ನೋಟ.

ಪಟ್ಟಿ ಹಾಗೇ ಇದೆ. ಯಾರೂ ಹರಿಯಲಿಲ್ಲ. ನಾನೂ.

ಫೆಬ್ರವರಿ 28

ಬರೆಯಲಿಲ್ಲ. ಬರೆಯುವಂಥದ್ದಿರಲಿಲ್ಲ, ಅಥವಾ ಇತ್ತು.

ತಂಗಿಗೆ ರಕ್ತದೊತ್ತಡ ಏರಿತ್ತು. ಡಾಕ್ಟರ್ ಮಲಗಿರಲು ಹೇಳಿದ್ದಾರೆ. ಬಾತ್‌ರೂಮಿಗೆ ಬಿಟ್ಟರೆ ಏಳುವ ಹಾಗಿಲ್ಲ. ಅಂಗಡಿಗೆ ಬೀಗ. ಭಾವಮೈದ ಶಿಫ್ಟು ಬದಲಿಸಿಕೊಂಡು ಹಗಲು ಮನೆಯಲ್ಲಿರುತ್ತಾನೆ. ನನ್ನ ಜೊತೆ ಮರ್ಯಾದೆಯಿಂದ ಮಾತಾಡುತ್ತಾನೆ. ಊಟ ಆಯ್ತಾ ಭಾವ, ನೀರು ಕಾದಿದೆ ಭಾವ. ಬ್ಯಾಂಕಿನವರ ಹಾಗೆ.

ಸೀಲ್ ಹಾಕಿದಲ್ಲಿಂದ ಏನೂ ಕಳೆದಿಲ್ಲ. ಕಳೆಯುವುದೆಲ್ಲಿಂದ, ಒಳಗೆ ಯಾರೂ ಹೋಗಿಲ್ಲ. ಗೆದ್ದೆ ಅನ್ನಬೇಕು.

ನಾಳೆ ಹೊರಡುತ್ತೇನೆ ಅಂದೆ. ಯಾರೂ ಬೇಡ ಅನ್ನಲಿಲ್ಲ. ತಂಗಿ ಮಾತ್ರ ಮಲಗಿದಲ್ಲಿಂದಲೇ “ಕೆಲಸ ಮುಗೀತಾ?” ಅಂತ ಕೇಳಿದಳು.

“ಮುಗೀತು.”

“ಎಲ್ಲಾ?”

“ಎಲ್ಲಾ. ಏನೂ ಬಾಕಿ ಇಲ್ಲ.”

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅದರಲ್ಲಿ ತಪ್ಪೇನು ಹೇಳಿದೆ?

ಮಾರ್ಚ್ 1, ಬೆಳಗ್ಗೆ ಹತ್ತೂವರೆ

ಆದದ್ದನ್ನು ಆದ ಹಾಗೆ ಬರೆಯಬೇಕು.

ಚೀಲ ಕಟ್ಟಿದ್ದೆ. ಕೋಣೆಯ ಸೀಲ್ ನಾನೇ ಹರಿದೆ. ಹೊರಡುವ ಮುಂಚೆ ತೊಟ್ಟಿಲು ಒಳಗಿಟ್ಟುಹೋಗೋಣ ಅಂದುಕೊಂಡೆ. ಅದೊಂದನ್ನು ನಾನು ಪರೀಕ್ಷಿಸಿರಲಿಲ್ಲ. ಬಡಗಿಯ ಕೆಲಸ, ನನ್ನದಲ್ಲ. ಪರೀಕ್ಷೆ ಮಾಡದ ವಸ್ತು ಬಿಟ್ಟು ಹೋಗುವ ಅಭ್ಯಾಸವಿಲ್ಲ. ದಿಂಬಿನ ಚೀಲದಲ್ಲಿ ಬಚ್ಚಲಿಗೆ ಹಾಕಿ ಉಳಿದ ಟೈಲ್ಸ್ ಚೂರು ತುಂಬಿದೆ, ಹೆಚ್ಚೆಂದರೆ ಒಂದು ಮಗುವಿನ ತೂಕ. ತೊಟ್ಟಿಲ ಹಾಸಿಗೆಯ ಮೇಲೆ ಮಲಗಿಸಿದೆ. ಮೆಲ್ಲಗೇ ಮಲಗಿಸಿದ್ದು. ಕಟಕಟೆ ಹಿಡಿದು ಒಂದು ಸಲ ಅಲುಗಿಸಿದೆ.

ಅಡಿಹಲಗೆ ಮೊದಲು ಜಾರಿತು. ಆಮೇಲೆ ಒಂದು ಬದಿ ಹೊರಕ್ಕೆ ವಾಲಿತು, ಅದರ ಹಿಂದೆ ಇನ್ನೊಂದು. ಧಡಾರ್. ಚೀಲ ನೆಲಕ್ಕೆ ಬಿದ್ದು ಟೈಲ್ಸ್ ಚೂರು ಅತ್ತೆಯ ಮಂಚದಡಿಯವರೆಗೆ ಹಾರಿತು.

ಮೂರು ಕಡೆಯಿಂದ ಮೂವರೂ ಓಡಿಬಂದರು. ಅತ್ತೆ ಅಡುಗೆಮನೆಯಿಂದ, ಕೈಯಲ್ಲಿ ಸೌಟು. ಭಾವಮೈದ ಬಚ್ಚಲಿಂದ, ಒಂದು ಕೆನ್ನೆಯಲ್ಲಿ ಸೋಪಿನ ನೊರೆ. ತಂಗಿ ಏಳಬಾರದವಳು ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದಿದ್ದಳು.

ಯಾರೂ ನನ್ನನ್ನು ನೋಡಲಿಲ್ಲ. ಏನಾಯ್ತು ಅಂತಲೂ ಕೇಳಲಿಲ್ಲ. ಬಿದ್ದದ್ದನ್ನು ನೋಡಿದರು, ಆಮೇಲೆ ನೆಲ ನೋಡಿದರು. ಈ ನೋಟ ನನಗೆ ಗೊತ್ತು. ಎಷ್ಟೋ ಅಂಗಡಿಗಳ ಮುಂದೆ ನೋಡಿದ್ದೇನೆ. ಆದರೆ ಒಂದೇ ಸಲಕ್ಕೆ ಮೂವರ ಮುಖದಲ್ಲಿ ನೋಡಿದ್ದು ಇದೇ ಮೊದಲು.

ಭಾವಮೈದ: “ನಾನು ಒಂದೇ ಒಂದು ಬೋಲ್ಟ್ ತೆಗ್ದಿದ್ದು.”

ಅತ್ತೆ ಗಕ್ಕನೆ ತಿರುಗಿದರು. “ನೀನಾ? ಬೋಲ್ಟಾ? ಯಾವಾಗ್ಲೋ?”

“ಮೂರು ಕಡೆ ಗಟ್ಟಿ ಅಂದಿದ್ನಲ್ಲ ಅವನು. ಆ ಬಾಕಿ ಬೋಲ್ಟ್ ಯಾವತ್ತು ಬಂದು ಹಾಕ್ಬಿಡ್ತಾನೋ. ಎರಡರ ಮೇಲೂ ನಿಲ್ಲುತ್ತೆ ಅಂತ... ಮಗು ಬಂದ ಗಳಿಗೆಗೆ ಹಾಕ್ಬಿಡೋಣ ಅಂತಿದ್ದೆ.”

“ಅಯ್ಯೋ ಪಾಪಿ. ನಾನು ಅಡಿಗಡೆ ಬೆಣೆ ಎಳೆದಿಟ್ಟಿದೀನಲ್ಲೋ.”

“ನೀನ್ಯಾಕಮ್ಮ ಬೆಣೆ ಎಳೆದೆ?”

“ನೀನ್ಯಾಕೆ ಬೋಲ್ಟ್ ತೆಗೆದೆ?”

ತಂಗಿ ಒಳಗೆ ಹೋದಳು. ಕನ್ನಡಕದ ಪೆಟ್ಟಿಗೆ ತಂದು ನನ್ನ ಕೈಗೆ ಕೊಟ್ಟಳು. ತೆರೆದೆ. ಒಳಗೆ ಕಟಕಟೆಯ ಕೀಲಿನ ಸ್ಕ್ರೂ, ಜೊತೆಗೆ ಕನ್ನಡಕಕ್ಕೆ ಬಳಸುವ ಅವಳ ಪುಟ್ಟ ಸ್ಕ್ರೂಡ್ರೈವರ್. ಅದರ ತುದಿಯಲ್ಲಿ ಒಣಗಿದ ತಿಳಿಹಸಿರು.

ಕುರ್ಚಿ ತಂದು ಅವಳನ್ನು ಕೂರಿಸಿದೆ. ಭಾವಮೈದ ನೆಲದಲ್ಲೇ ಕೂತ. ಕೆನ್ನೆಯ ನೊರೆ ಒಣಗುತ್ತಿತ್ತು.

“ಹಿಂದಿನ ಸಲ ಎಲ್ಲ ನಾನೇ ಮುಗಿಸಿದ್ದು ಭಾವ. ಆ ಟವೆಲ್ಲಿನ ಮೊಳೆ ಹೊಡೆದು, ಆಯ್ತು, ಇನ್ನೇನೂ ಬಾಕಿ ಇಲ್ಲ ಅಂತ ಮನೆಗೆಲ್ಲ ಕೇಳೋ ಹಾಗೆ ಕೂಗಿದ್ದೆ.”

“ಮಾರನೇ ದಿನ ಅದು ಒದೆಯೋದು ನಿಲ್ಸಿತ್ತು,” ಅಂದಳು ತಂಗಿ. ಹವಾಮಾನ ಹೇಳುವ ದನಿಯಲ್ಲಿ.

“ಅವತ್ತು ಅಲ್ಲಿ ದೀಪ ಹಾಕಿದ್ದು ನಾನು,” ಅಂದರು ಅತ್ತೆ. “ಕೋಣೆ ಕತ್ತಲಾಗಿರೋದು ಬೇಡ ಅಂತ. ನೀವಿಬ್ರೂ ಆಸ್ಪತ್ರೇಲಿ. ನಾನಿಲ್ಲಿ ಖಾಲಿ ಕೋಣೆಗೆ ದೀಪ ಉರಿಸ್ಕೊಂಡು ಕೂತಿದ್ದೆ.”

ಟೈಲ್ಸ್ ಚೂರು ಆಯ್ದು ಒಂದು ಕಡೆ ಗುಡ್ಡೆ ಹಾಕಿದೆ.

“ಒಬ್ಬರಿಗೊಬ್ಬರು ಹೇಳ್ಬಹುದಿತ್ತಲ್ಲ,” ಅಂದೆ. “ನಂಗಾದ್ರೂ ಹೇಳ್ಬಹುದಿತ್ತು.”

“ಏನಂತ ಹೇಳೋದು ಭಾವ? ಇಂಥದ್ದೆಲ್ಲ ನಾವು ನಂಬಲ್ಲ.”

“ನಂಬಲ್ಲ,” ಅಂದರು ಅತ್ತೆ, ಸೌಟು ಬಿಗಿಯಾಗಿ ಹಿಡಿದು.

“ಆದ್ರೂ,” ಅಂದಳು ತಂಗಿ.

ಅತ್ತೆ ಹೇಳಿದರು: “ಬಲ್ಬ್ ಒಂದನ್ನ ಬಿಟ್ಟಿದ್ರೆ ಸಾಕಿತ್ತು ನಂಗೆ. ತೆಗೆದ ಹಾಗೆಲ್ಲ ನೀವು ಹಾಕ್ತಾನೇ ಇದ್ರಿ. ನನ್ನ ಪೆಟ್ಟಿಗೆ ತುಂಬ ಬಲ್ಬು ಈಗ. ಆಮೇಲೆ ಬಾಗಿಲಿಗೇ ಕಾಗದ ಬಡಿದ್ರಿ. ಕೈಗೆ ಸಿಗೋ ಹಾಗೆ ಇದ್ದಿದ್ದು ಈ ತೊಟ್ಟಿಲೊಂದೇ.”

ಭಾವಮೈದ ತಲೆಯಾಡಿಸಿದ. ತಂಗಿಯೂ.

ಅಲ್ಲಿಗೆ ಲೆಕ್ಕ ಕೂಡಿತು. ಕಿಟಕಿಗೊಂದು, ದೀಪಕ್ಕೊಂದು, ಗೋಡೆಗೊಂದು ಅಂತ ಮೂವರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೊಂದನ್ನು ಬಾಕಿ ಇಟ್ಟುಕೊಂಡಿದ್ದರು. ಯಾರಿಗೂ ನೋವಾಗದಂಥ ಬಾಕಿ. ನಾನು ಬಿಡಲಿಲ್ಲ. ಒಂದೊಂದನ್ನೂ ಹುಡುಕಿ ಮುಚ್ಚಿದೆ. ಕೊನೆಗೆ ಮೂವರ ಕೈಯನ್ನೂ ತೊಟ್ಟಿಲಿಗೆ ತಂದು ಮುಟ್ಟಿಸಿದವನು ನಾನು. ಪ್ರತಿಯೊಬ್ಬರೂ ತಮ್ಮದೊಂದೇ ಅಂದುಕೊಂಡರು. ಒಂದರಿಂದ ಏನೂ ಆಗುತ್ತಿರಲಿಲ್ಲ.

ಅವಘಡಕ್ಕೆ ಒಂದೇ ಕಾರಣ ಇರುವುದಿಲ್ಲ ಅಂತ ಎಷ್ಟು ವರದಿಯಲ್ಲಿ ಬರೆದಿಲ್ಲ ನಾನು.

ಷರಾ: ಚೀಲದಲ್ಲಿದ್ದದ್ದು ಟೈಲ್ಸ್. ಬರೀ ಟೈಲ್ಸ್.

ಮಾರ್ಚ್ 2

ಹೊರಡಲಿಲ್ಲ. ಬೇಡ ಅಂದವರು ಅತ್ತೆ. “ಬಿಚ್ಚೋರು ನಾವು, ಹಾಕೋರು ಒಬ್ಬರು ಬೇಡ್ವಾ?” ಗಾಳಿಕಿಂಡಿಯ ಮಾತು ನನಗೆ ಕೇಳಿಸಿತ್ತು ಅಂತ ಅವರಿಗೆ ಗೊತ್ತಾಗಿರಬಹುದೇ? ತಟ್ಟೆಗೆ ಎರಡನೇ ಸಲ ಬಡಿಸುವಾಗ ಮುಖ ನೋಡಲಿಲ್ಲ.

‘ನಾಳೆ’ಯನ್ನು ಇವತ್ತೇ ಕರೆಸಿ, ನಮ್ಮೆದುರೇ, ತೊಟ್ಟಿಲಿನ ಎಲ್ಲ ಬೋಲ್ಟ್, ಎಲ್ಲ ಬೆಣೆ ಹಾಕಿಸಿದೆವು. ತಂಗಿ ಕುರ್ಚಿಯಲ್ಲಿ, ಉಳಿದ ಮೂವರೂ ಸುತ್ತ ನಿಂತಿದ್ದೆವು. ಅವನಿಗೆ ಬೆವರು. ಹೇಗೆ ಬಿತ್ತು ಅಂತ ಕೇಳಿದ. “ಆನೆ ಮಲಗಿತ್ತು,” ಅಂದರು ಅತ್ತೆ.

ಅವನು ಹೋದ ಮೇಲೆ ಸಭೆ. ಒಂದು ಬಾಕಿ ಇರಬೇಕು, ಒಂದೇ ಇರಬೇಕು, ಎಲ್ಲರಿಗೂ ಗೊತ್ತಿರಬೇಕು. ನಂಬದ ನಾಲ್ಕು ಜನ ಕೂತು ಇದನ್ನು ಚರ್ಚೆ ಮಾಡಿದೆವು.

ಬಲ್ಬು? ಬೇಡ, ಕತ್ತಲಲ್ಲಿ ಬಟ್ಟೆ ಬದಲಿಸೋದು ಹೇಗೆ. ಕಿಟಕಿ? ಗಾಳಿ ಬಡಿಯುತ್ತದೆ. ಪರದೆ? ಅದನ್ನು ಅತ್ತೆ ಹೇಗೂ ಹೊಲಿದಿಲ್ಲ. ಆದರೆ ಬಿಸಿಲು ಬರುತ್ತದೆ. ಕೊನೆಗೆ ಗೋಡೆ. ಬಾಗಿಲ ಹಿಂದೆ, ಅಂಗೈಯಗಲ.

“ಯಾರ ಅಂಗೈ?” ಅಂದ ಭಾವಮೈದ. “ನಂದಾದ್ರೆ ಅರ್ಧ ಗೋಡೆ ಹೋಗುತ್ತೆ.”

“ನಂದು,” ಅಂದಳು ತಂಗಿ. ಕುರ್ಚಿಯನ್ನು ಬಾಗಿಲ ಹಿಂದಕ್ಕೆ ಸರಿಸಿದೆವು, ಕೂತಲ್ಲಿಂದಲೇ ಗೋಡೆಗೆ ಕೈ ಒತ್ತಿ ಹಿಡಿದಳು. ನಾನು ಸುತ್ತ ಪೆನ್ಸಿಲಲ್ಲಿ ಗೆರೆ ಎಳೆದೆ. ಅವಳದೇ ಸ್ಕ್ರೂಡ್ರೈವರಿನಿಂದ ಕೆರೆದೆ. ನಾನೇ ಹಚ್ಚಿದ ಬಣ್ಣ. ಚೆನ್ನಾಗಿಯೇ ಹಚ್ಚಿದ್ದೆ, ಕಷ್ಟಪಟ್ಟು ಬಂತು.

ಮಾರ್ಚ್ 7

ದಿನಾ ಬೆಳಗ್ಗೆ ತೊಟ್ಟಿಲು ಅಲುಗಿಸಿ ನೋಡುತ್ತೇನೆ. ಗಟ್ಟಿಯಿದೆ. ಆದರೂ ನಂಬಿಕೆ ಇಲ್ಲ — ಒಪ್ಪಂದಕ್ಕೆ ತಲೆಯಾಡಿಸಿ ಹಿಂದಿನಿಂದ ಒಂದು ಮೊಳೆ ಕೀಳುವ ಮಂದಿ ಇವರು. ಭಾವಮೈದನ ಡಬ್ಬ ಕೇಳಿಸಿಕೊಂಡೆ. ಸದ್ದಿಲ್ಲ. ಅತ್ತೆಯ ಪೆಟ್ಟಿಗೆ ನೋಡಲು ಮನಸ್ಸಾಯಿತು, ನೋಡಲಿಲ್ಲ. ಇದು ನನ್ನ ಮಟ್ಟಿಗೆ ದೊಡ್ಡದು.

ತಂಗಿ ಮಲಗಿದಲ್ಲಿಂದ ಕರೆದಳು. ನನ್ನ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒದೆಯಿತು.

“ಇದನ್ನಾದ್ರೂ ನಂಬ್ತೀಯಾ?”

“ಇನ್ನೊಂದ್ಸಲ ಆದ್ರೆ ನಂಬ್ತೀನಿ.”

ಇನ್ನೊಂದು ಸಲ ಒದೆಯಿತು.

ಮಾರ್ಚ್ 13, ಬೆಳಗ್ಗೆ ಒಂಬತ್ತು

ಕಾಫಿಯ ಹೊತ್ತಿಗೆ ನೋವು ಶುರುವಾಯಿತು. ಮೂವರೂ ಆಸ್ಪತ್ರೆಗೆ ಹೋದರು. ನಾನು ಮನೆಯಲ್ಲಿ. ಬೇಕಾದ್ದು ತರಲು, ಫೋನ್ ಹಿಡಿಯಲು ಒಬ್ಬರಿರಬೇಕು. ಕಾರು ಹತ್ತುವಾಗ ತಂಗಿ ಕೇಳಿದಳು, “ಬಾಗಿಲ ಹಿಂದೆ ಹಾಗೇ ಇದೆಯಲ್ಲ?”

“ಹಾಗೇ ಇದೆ.”

ನೋಡದೆ ಹೇಳಿದೆ. ನಾನು, ನೋಡದೆ.

ಹನ್ನೊಂದೂವರೆ

‘ನಾಳೆ’ ಬಂದಿದ್ದ, ಉಳಿದ ಸಾಮಾನು ಒಯ್ಯಲು. ಹೋಗುವಾಗ ಬಾಗಿಲಲ್ಲಿ ನಿಂತು ಹಲ್ಲು ಬಿಟ್ಟ.

“ಅವತ್ತು ನೀವೆಲ್ಲ ಹಂಗೆ ಸುತ್ತ ನಿಂತಿದ್ದು ನೋಡಿ ನಾಚಿಕೆ ಆಯ್ತು ಸಾರ್. ನಿನ್ನೆ ಕಪಾಟಿಗೆ ಪಾಲಿಶ್ ಮುಗಿಸ್ದೆ. ಬಾಗಿಲ ಹಿಂದೆ ನೀವೊಂದು ಚೂರು ಬಿಟ್ಟಿದ್ರಿ. ಡಬ್ಬದ ತಳದಲ್ಲಿ ಹಸಿರು ಇತ್ತು. ನಾಳೆ ಅಂತ ಬಿಡೋದ್ಯಾಕೆ, ನಾನೇ ಹಚ್ಬಿಟ್ಟೆ. ನೋಡಿ, ಈಗ ಈ ಮನೇಲಿ ಏನೂ ಬಾಕಿ ಇಲ್ಲ.”

ಬೈಯಲಾಗಲಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ. ಹೇಳುವಂಥ ವಿಷಯವೇ? ಜೀವಮಾನದಲ್ಲಿ ಮೊದಲ ಸಲ ಒಂದು ಕೆಲಸ ಮುಗಿಸಿದ ಮನುಷ್ಯ. ಚೆನ್ನಾಗಿದೆ ಅಂದೆ. ಖುಷಿಯಿಂದ ಹೋದ.

ಕೋಣೆಗೆ ಹೋಗಿ ನೋಡಿದೆ. ಗೆರೆಯೂ ಕಾಣದ ಹಾಗೆ ಹಚ್ಚಿದ್ದಾನೆ. ಹಿಡಿಕೆ ಬಿಗಿ. ದೀಪ ಸರಿ. ಪರದೆಯೂ ತೂಗುತ್ತಿದೆ, ಅತ್ತೆ ಯಾವಾಗ ಹೊಲಿದರೋ. ತೊಟ್ಟಿಲು ಗಟ್ಟಿ. ಎಲ್ಲ ಆಗಿದೆ. ಹಿಂದಿನ ಸಲದ ಹಾಗೆಯೇ.

ಈ ಥರದ್ದನ್ನು ನಂಬುವವನಲ್ಲ ನಾನು. ನಂಬದೆಯೇ ಮಂಡಿಯೂರಿ ಕೂತೆ. ಸ್ಕ್ರೂಡ್ರೈವರ್ ತಂಗಿಯ ಚೀಲದಲ್ಲಿ ಹೋಗಿದೆ, ಕೆರೆಯುವ ಅಲಗು ‘ನಾಳೆ’ಯ ಸಾಮಾನಿನ ಜೊತೆ. ಉಗುರಿನಿಂದ ಕೆರೆದೆ. ನಿನ್ನೆಯ ಬಣ್ಣ, ಮೇಲೆ ಒಣಗಿದೆ, ಒಳಗೆ ಇನ್ನೂ ಮೆತ್ತಗೆ. ಉಗುರಿನಷ್ಟು ಬಂತು. ಅಂಗೈಯಗಲ ಆಗಲಿಕ್ಕೆ ಬಹಳ ಹೊತ್ತು ಬೇಕು.

ಒಂದೂ ಕಾಲು

ಇನ್ನೂ ಫೋನ್ ಇಲ್ಲ. ಬೆರಳು ಉರಿಯುತ್ತಿದೆ. ಆದದ್ದು ಎರಡು ಬೆರಳಗಲ. ಸಾಕೇ? ಯಾರನ್ನು ಕೇಳುವುದು. ಇನ್ನೇನು ಬಿಚ್ಚಬಹುದು ಅಂತ ಮನೆಯೆಲ್ಲ ಸುತ್ತಿದೆ. ತೊಟ್ಟಿಲನ್ನು ಮುಟ್ಟಲಿಲ್ಲ. ಮುಟ್ಟುವುದಿಲ್ಲ. ಬೇರೆ ಎಲ್ಲವೂ ಅವರದು. ನನ್ನದು ಅಂತ ಈ ಮನೆಯಲ್ಲಿ ಇರುವುದು ಚೀಲ, ಬ್ರಷ್ಷು, ಈ ಡೈರಿ.

ಈ ಹಾಳೆಯೂ ಮುಗಿಯುತ್ತ ಬಂತು. ಕೊನೆಯ ಸಾಲೊಂದು ಬಾಕಿ ಇದೆ; ಅದು ನನ್ನದೇ.

ಫೋನ್ ಬಡಿದುಕೊಳ್ಳುತ್ತಿದೆ.

ಷರಾ: